ಹಳೇ ಮನೆ ತೊಲೆ ಕೊಟ್ಟು ಮೇಜು ಮಾಡಿಸುವವರೇ, ಪಾಲಿಶ್ ಹಚ್ಚುವ ಮುಂಚೆ ಹೋಗಿ ನೋಡಿ

ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಈಗ ಹಳೇ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವವರು ಜಾಸ್ತಿ. ಕೆಡವಿದಾಗ ಸಿಗುವ ತೊಲೆ, ಕಂಬ, ಬೋದಿಗೆ, ಚೌಕಟ್ಟುಗಳನ್ನು ಕೆಲವರು ಬಂದಷ್ಟಕ್ಕೆ ಮಾರಿಬಿಡುತ್ತಾರೆ. ಇನ್ನು ಕೆಲವರು ಅದರಲ್ಲೇ ಮೇಜು, ಮಂಚ ಮಾಡಿಸೋಣ ಅಂತ ಎತ್ತಿಡುತ್ತಾರೆ. ಈ ಬರಹ ಹಾಗೆ ಎತ್ತಿಟ್ಟವರಿಗೆ. ನೀವು ಕೊಟ್ಟ ಕಟ್ಟಿಗೆಯೇ ಮೇಜಾಗಿ ವಾಪಸ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನಮಗಂತೂ ಬರಲಿಲ್ಲ.

ಯಲಬುರ್ಗಾ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಪಡಸಾಲೆ ಮೇಲೆ ಎರಡು ಸಾಗವಾನಿ ತೊಲೆ ಇದ್ದವು. ಒಂದೊಂದೂ ಹನ್ನೆರಡು ಅಡಿ ಉದ್ದ, ಎಂಟು ಇಂಚು ಅಗಲ, ಎಂಟು ಇಂಚು ದಪ್ಪ. ಒಲೆ ಹೊಗೆಗೆ ಕಪ್ಪಾಗಿದ್ದವು. ಅಲ್ಲಲ್ಲಿ ತೊಟ್ಟಿಲು ಕಟ್ಟುವ ಕೊಂಡಿ, ಜೋಳದ ತೆನೆ ನೇತು ಹಾಕುವ ಮೊಳೆ. ಊಟದ ಮೇಜು ಒಂದು, ಅದಕ್ಕೆ ಬೆಂಚು ಎರಡು ಅಂತ ಒಂದು ಕಾರ್ಖಾನೆಯವರ ಜೊತೆ ಮಾತಾಯಿತು. ಮಜೂರಿ ಅವರದು, ಕಟ್ಟಿಗೆ ನಮ್ಮದು. ಹಳೇ ಕಟ್ಟಿಗೆಯಲ್ಲೇ ಕೈಕೆಲಸ ಮಾಡುತ್ತೇವೆ ಅಂತ ಹೆಸರು ಮಾಡಿದ್ದ ಕಾರ್ಖಾನೆ ಅದು. ಟೆಂಪೋ ಅವರೇ ಕಳಿಸಿದರು.

ಮೇಜು ಬಂದಾಗ ನೋಡಲು ಚೆಂದ ಇತ್ತು. ಗಾಢ ಕಂದು ಬಣ್ಣ, ಕನ್ನಡಿ ಹೊಳಪು. ಬೇಸಿಗೆ ಬಂದಾಗ ಬಣ್ಣ ಬಯಲಾಯಿತು.

ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಒಂದು ರಾತ್ರಿ ಟಪ್ ಅಂತ ಸಪ್ಪಳ. ಬೆಳಿಗ್ಗೆ ನೋಡಿದರೆ ಮೇಜಿನ ಹಲಗೆ ಉದ್ದಕ್ಕೆ ಸೀಳಿತ್ತು, ಬೆರಳಿನ ಉಗುರು ಹೋಗುವಷ್ಟು ಸಂದು. ಮಳೆಗಾಲ ಬರುವ ಹೊತ್ತಿಗೆ ಬೆಂಚಿನ ಕಾಲಿನ ಬುಡದಲ್ಲಿ ಅಕ್ಕಿ ಹಿಟ್ಟಿನಷ್ಟು ನುಣ್ಣಗಿನ ಪುಡಿ ಬೀಳತೊಡಗಿತು. ಒರೆಸಿದರೆ ಮರುದಿನ ಮತ್ತೆ ಅಷ್ಟೇ. ಬೆಂಚನ್ನು ಬೋರಲು ಹಾಕಿ ಬ್ಯಾಟರಿ ಬಿಟ್ಟು ನೋಡಿದೆವು. ಗುಂಡುಸೂಜಿ ತಲೆಯಷ್ಟು ಸಣ್ಣ ತೂತುಗಳು, ಸಾಲಾಗಿ. ಕುಟ್ಟೆ ಹುಳ.

ಕಾರ್ಖಾನೆಗೆ ಫೋನ್ ಮಾಡಿದರೆ ಸಿಕ್ಕ ಉತ್ತರ ಇದು: "ಅಕ್ಕಾರ, ಹಳೇ ಕಟ್ಟಿಗಿ ಅಂದ್ರ ಹಿಂಗಾ ಇರ್ತೈತ್ರಿ. ನೀವಾ ಕೊಟ್ಟಿದ್ದಲ್ರಿ? ಸ್ವಲ್ಪ ಸೀಮೆಎಣ್ಣಿ ಹಚ್ರಿ."

ಇಲ್ಲೇ ಎಷ್ಟೋ ಜನ ಬಾಯಿ ಮುಚ್ಚುತ್ತಾರೆ. ಹೌದಲ್ವಾ, ಅಜ್ಜನ ಕಾಲದ ಕಟ್ಟಿಗೆ, ಹುಳ ಇತ್ತೋ ಏನೋ ಅಂತ. ಆದರೆ ಅರವತ್ತು ಎಪ್ಪತ್ತು ವರ್ಷ ಹುಳ ಮುಟ್ಟದ ತೊಲೆಗೆ, ಮೇಜಾದ ವರ್ಷದೊಳಗೆ ಏಕೆ ಹಿಡಿಯುತ್ತದೆ? ಇಂಥ ನುಣ್ಣನೆಯ ಪುಡಿ ಉದುರಿಸುವ ಕುಟ್ಟೆ ಹುಳಕ್ಕೆ ಬೇಕಾಗುವುದು ಕಟ್ಟಿಗೆಯ ಹೊರಭಾಗದ ಬಿಳಿ ಪದರದಲ್ಲಿರುವ ಪಿಷ್ಟ. ಸಾಗವಾನಿಯ ಚೇಗನ್ನು, ಅಂದರೆ ಒಳಗಿನ ಬಲಿತ ಗಟ್ಟಿ ಭಾಗವನ್ನು, ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಳಬರು ತೊಲೆಗೆ ಬಲಿತ ಗಿಡ ಆರಿಸಿ, ಬಿಳಿ ಪದರ ಕೆತ್ತಿ ತೆಗೆದು ಚೇಗನ್ನಷ್ಟೇ ಮೇಲೇರಿಸುತ್ತಿದ್ದರು.

ನಮ್ಮೂರಿನ ಬಡಿಗೇರ ಕಾಕಾ ಬಂದು ನೋಡಿದರು. ಆ ಮನೆಯ ಬಾಗಿಲಿಗೆ ರಿಪೇರಿ ಮಾಡಿದವರೇ ಅವರು. ಮೇಜನ್ನು ಮಗುಚಿ ಹಾಕಿಸಿ ಅಡಿಗೆ ಕೈಯಾಡಿಸಿದರು. ಆಮೇಲೆ ಉಳಿ ತೆಗೆದುಕೊಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಹೆರೆದರು. ಒಳಗೆ ಬೆಳ್ಳಗಿನ ಪಟ್ಟಿ. ಅದರ ಪಕ್ಕ ತಿಳಿ ಹಳದಿ. "ಇದು ಹೊಲದ ಬದುವಿನ ಎಳೇ ಸಾಗವಾನಿ ಅದವ್ವಾ. ನಿಮ್ಮ ಮನಿ ತೊಲಿ ಅಲ್ಲ" ಅಂದರು. ನನಗೆ ನಂಬಿಕೆ ಬಂದದ್ದು ಅವರು ಆಮೇಲೆ ಕೇಳಿದ ಪ್ರಶ್ನೆಯಿಂದ: "ಮೊಳಿ ತೂತು ಎಲ್ಲಿ?"

ನಿಜ. ಇಡೀ ಮೇಜಿನಲ್ಲಿ ಒಂದೂ ಹಳೇ ಮೊಳೆಯ ಗುರುತು ಇರಲಿಲ್ಲ. ಹಳೇ ತೊಲೆಯಲ್ಲಿ ಕಬ್ಬಿಣದ ಮೊಳೆ ಇದ್ದ ಕಡೆ ತೂತಿನ ಸುತ್ತ ಕಪ್ಪು ನೀಲಿ ಕಲೆ ಇರುತ್ತದೆ. ಮಾಳಿಗೆ ಸೋರಿ ತೇವ ತಗುಲಿದಾಗ ಕಬ್ಬಿಣವೂ ಕಟ್ಟಿಗೆಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶವೂ ಸೇರಿ ಆಗುವ ಕಲೆ ಅದು. ಕಟ್ಟಿಗೆಯ ಗೆರೆ ಗುಂಟ ಇಂಚುಗಟ್ಟಲೆ ಒಳಗೆ ಇಳಿದಿರುತ್ತದೆ. ಮೇಲೆ ಎಷ್ಟು ಹೆರೆದರೂ ಪೂರ್ತಿ ಹೋಗುವುದಿಲ್ಲ. ನಮ್ಮ ತೊಲೆಗಳ ತುಂಬ ಮೊಳೆಗಳಿದ್ದವು. ಕೆಡವಿದ ದಿನ ತಮ್ಮ ತೆಗೆದ ಫೋಟೋದಲ್ಲಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಈಗ ದೂರಿಗೆ ಆ ಫೋಟೋವೇ ಆಧಾರ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ ಸಿಗುತ್ತದೆ. ನಮ್ಮ ಒಂದು ತೊಲೆ 12 × 8 × 8, ಅಂದರೆ 5.3 ಸಿಎಫ್‌ಟಿ. ಎರಡೂ ಸೇರಿ ಹತ್ತೂವರೆಯ ಮೇಲೆ. ಆರು ಅಡಿಗೆ ಮೂರು ಅಡಿ, ಒಂದು ಇಂಚು ದಪ್ಪದ ಹಲಗೆಗೆ ಬೇಕಾಗುವುದು ಒಂದೂವರೆ ಸಿಎಫ್‌ಟಿ. ಕಾಲು, ಸುತ್ತಿನ ಪಟ್ಟಿ, ಎರಡು ಬೆಂಚು ಎಲ್ಲ ಸೇರಿಸಿದರೂ ಐದರ ಆಸುಪಾಸು. ಸೀಳುವಾಗ, ಹೆರೆಯುವಾಗ ಒಂದಷ್ಟು ಹೊಟ್ಟಾಗುವುದು ಸಹಜ. ಹಳೇ ಕಟ್ಟಿಗೆಯಲ್ಲಿ ಬಿರುಕು, ಮೊಳೆ ಜಾಗ ಅಂತ ಇನ್ನೂ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಹಾಗಂತ ನಮಗೆ ಒಂದು ಗೇಣುದ್ದದ ತುಂಡೂ ವಾಪಸ್ ಬರಲಿಲ್ಲ. "ಎಲ್ಲಾ ಹೊಟ್ಟಾತ್ರಿ" ಅಂದರು. ಒಣಗಿದ ಸಾಗವಾನಿ ಒಂದು ಸಿಎಫ್‌ಟಿಗೆ ಹೆಚ್ಚುಕಡಿಮೆ 18 ಕಿಲೋ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ ಎರಡು ಕ್ವಿಂಟಲ್ ಕಟ್ಟಿಗೆ ಹೋಯಿತು. ಅದನ್ನು ಯಾವ ಊರಿನ ಯಾವ ಮನೆಗೆ ಬಾಗಿಲಾಗಿ ಮಾರಿದ್ದಾರೋ.

ಕಟ್ಟಿಗೆ ಅದಲುಬದಲಾದದ್ದು ಒಂದಾದರೆ, ಕೆಲಸವೂ ಕಳಪೆ. ಹಲಗೆ ಸೀಳಲು ಎರಡು ಕಾರಣ ಇದ್ದವು. ಮೊದಲನೆಯದು ಹಸಿ ಕಟ್ಟಿಗೆ. ಕಟ್ಟಿಗೆ ಒಣಗುವಾಗ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಕುಗ್ಗುವುದೆಲ್ಲ ಅಡ್ಡಕ್ಕೆ. ಅದರಲ್ಲೂ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಎರಡನೆಯದು, ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಬಿಗಿದು ಅಲುಗಾಡದಂತೆ ಮಾಡಿದ್ದರು. ಮೂರು ಅಡಿ ಅಗಲದ ಹಲಗೆ ಕುಗ್ಗಬೇಕು, ಸ್ಕ್ರೂ ಬಿಡುವುದಿಲ್ಲ. ಸೀಳದೆ ಇನ್ನೇನು ಮಾಡುತ್ತದೆ? ಗೊತ್ತಿದ್ದವರು ಸ್ಕ್ರೂ ತೂತನ್ನು ಅಡ್ಡಕ್ಕೆ ಉದ್ದ ಮಾಡಿರುತ್ತಾರೆ. ಇಲ್ಲವೇ ಚೌಕಟ್ಟಿನ ಒಳಗೆ ಗಾಡಿ (ಉದ್ದನೆಯ ಸಣ್ಣ ಕಾಲುವೆ) ಕೊರೆದು ಸಣ್ಣ ಕಟ್ಟಿಗೆ ತುಂಡು ಸಿಕ್ಕಿಸಿ ಹಲಗೆ ಹಿಡಿಸುತ್ತಾರೆ. ಹಲಗೆ ಸರಿದಾಡಲು ಜಾಗ ಇರುತ್ತದೆ. ನಮ್ಮ ಮೇಜಿನ ಕಾಲಿಗೆ ಕೂಡ ಕೊರೆದು ಕೂಡಿಸಿದ ಕೀಲು ಇರಲಿಲ್ಲ. ಪಿನ್ ಹೊಡೆದು ಅಂಟು ಹಾಕಿದ್ದರು. ಕೈಕೆಲಸ ಅಂತ ಮಜೂರಿ ತೆಗೆದುಕೊಂಡದ್ದು ಇದಕ್ಕೆ.

ಸಂದುಗಳಿಗೆ ಕಟ್ಟಿಗೆ ಹೊಟ್ಟು ಮತ್ತು ಅಂಟು ಕಲಸಿ ತುಂಬಿದ್ದರು. ತುಂಬುವುದೇ ಮೋಸ ಅಂತ ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಕಿನ್ನಾಳದ ಚಿತ್ರಗಾರರು ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ ಗೊಂಬೆಗೆ ಮೆತ್ತುತ್ತಾರೆ. ಅದು ಅವರ ಕಲೆ, ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಹಾಗೆಯೇ ಬೇವು, ಜಾಲಿ, ಬಳ್ಳಾರಿ ಜಾಲಿಯಲ್ಲಿ ಪೀಠೋಪಕರಣ ಮಾಡಿದರೂ ತಕರಾರಿಲ್ಲ. ಬಳ್ಳಾರಿ ಜಾಲಿ ಬೈದು ಬೈದು ಸುಡುವ ಗಿಡವಾದರೂ ಗಟ್ಟಿಮುಟ್ಟಾದ ಕಟ್ಟಿಗೆ, ದೊಡ್ಡ ಹಲಗೆ ಸಿಗುವುದಿಲ್ಲ ಅಷ್ಟೇ. ಇದು ಇಂಥ ಕಟ್ಟಿಗೆ ಅಂತ ಹೇಳಿ ಅದಕ್ಕೆ ತಕ್ಕ ದುಡ್ಡು ತೆಗೆದುಕೊಳ್ಳಲಿ.

ಹಾಗಾಗಿ ನೀವು ಕಟ್ಟಿಗೆ ಕೊಡುವ ಮುಂಚೆ ಪ್ರತಿ ತೊಲೆಯ ನಾಲ್ಕೂ ಮೈ, ಎರಡೂ ತುದಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಟೇಪ್ ಹಿಡಿದು. ಅಳತೆ ಚೀಟಿ ಬರೆದು ಅವರ ಸಹಿ ಹಾಕಿಸಿ. ಸಾಮಿಲ್‌ನಲ್ಲಿ ಸೀಳುವ ದಿನ ಮನೆಯವರೊಬ್ಬರು ಅಲ್ಲೇ ನಿಂತಿರಲಿ, ಸೀಳಿದ ಹಲಗೆಗಳಿಗೆ ಅಲ್ಲೇ ಗುರುತು ಹಾಕಲಿ. ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಮೇಜು ಜೋಡಿಸಿ ಆದ ಮೇಲೆ, ಬಣ್ಣ ಪಾಲಿಶ್ ಯಾವುದೂ ಹಚ್ಚದೆ, ಬರಿ ಮೈಯಲ್ಲಿ ನಿಮಗೆ ತೋರಿಸಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಮುಂಗಡ ಬಿಟ್ಟು ಉಳಿದ ಹಣದ ದೊಡ್ಡ ಕಂತು ಆ ದಿನ ನೋಡಿದ ಮೇಲೆ ಕೊಡಿ. ಬಿಳಿ ಪಟ್ಟಿ, ಮೊಳೆ ಕಲೆ, ಕೀಲು, ಹುಳದ ತೂತು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಕಟ್ಟಿಗೆಯ ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದನ್ನೂ ಒಯ್ಯಿರಿ. ನಮ್ಮ ಒಣ ಹವೆಗೆ ಶೇ 12ರ ಒಳಗೆ ಇದ್ದರೆ ಒಳ್ಳೆಯದು. ಹುಳಕ್ಕೆ ಬೋರಾಕ್ಸ್-ಬೋರಿಕ್ ದ್ರಾವಣ ಹಚ್ಚುವುದಿದ್ದರೂ ಬರಿ ಕಟ್ಟಿಗೆಗೇ ಹಚ್ಚಬೇಕು, ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಸೀಮೆಎಣ್ಣೆ ಸುಮ್ನೆ ವಾಸನೆ ಅಷ್ಟೇ.

ಸ್ವಂತ ಕಟ್ಟಿಗೆ ಇಲ್ಲದೆ "ಹಳೇ ಕಟ್ಟಿಗೆ ಮೇಜು" ಅಂತ ರೆಡಿ ಕೊಳ್ಳುವವರು ರೈಲ್ವೆ ಸ್ಲೀಪರ್ (ಹಳಿ ಕೆಳಗೆ ಹಾಸುವ ಕಟ್ಟಿಗೆ ದಿಮ್ಮಿ) ವಿಷಯದಲ್ಲಿ ಹುಷಾರು. ಕೆಲವು ಸ್ಲೀಪರ್‌ಗಳಿಗೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ. ಅದು ಮೈಗೆ ಒಳ್ಳೆಯದಲ್ಲ, ಬಿಸಿಲಿಗೆ ಜಿನುಗುತ್ತದೆ, ಊಟದ ಮೇಜಿಗಂತೂ ಬೇಡವೇ ಬೇಡ. ಪ್ಯಾಕಿಂಗ್ ಕಟ್ಟಿಗೆ ಆದರೆ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಕೊಟ್ಟು ಹುಳ ಕೊಂದದ್ದು, ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ಎರಡನೆಯದು ಬಿಟ್ಟುಬಿಡಿ.

ಹಳೇ ಬಾಗಿಲು, ಕಿಟಕಿಗೆ ಪದರ ಪದರ ಆಯಿಲ್ ಪೇಂಟ್ ಇದ್ದರೆ ಮನೆಯಲ್ಲಿ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟ್‌ನ ಧೂಳಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಸಣ್ಣ ಮಕ್ಕಳಿಗೆ ಅದು ವಿಷ.

ನಮ್ಮ ವಿಷಯ ಇನ್ನೂ ಮುಗಿದಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ ಮೇಲೆ ಕಾರ್ಖಾನೆಯವರು ಪಾಲಿಶ್ ಹಣ ವಾಪಸ್ ಕೊಡುತ್ತೇವೆ ಅಂದರು. ತೊಲೆ ಮಾತು ಎತ್ತುವುದಿಲ್ಲ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತೇನಿಲ್ಲ. ಆದರೆ ಬಿಲ್ ಬೇಕು. ನಮ್ಮ ಬಿಲ್‌ನಲ್ಲಿ "ಟೇಬಲ್ ಮಜೂರಿ" ಅಂತ ಮಾತ್ರ ಇದೆ, ಗ್ರಾಹಕರು ಕೊಟ್ಟ ಕಟ್ಟಿಗೆ ಇಷ್ಟು ಅನ್ನುವ ಸಾಲು ಇಲ್ಲ. ಟೆಂಪೋ ಚಾಲಕನ ಜೊತೆಗಿನ ವಾಟ್ಸಾಪ್ ಮಾತು, ತಮ್ಮನ ಫೋಟೋ, ಕಾಕಾ ಹೆರೆದ ಜಾಗ ಇವನ್ನೇ ಜೋಡಿಸಿ ಕೊಡುತ್ತಿದ್ದೇವೆ.

ಕಾರ್ಖಾನೆ ಹೆಸರು ಕೇಳಬೇಡಿ, ದೂರು ಇತ್ಯರ್ಥ ಆಗುವವರೆಗೆ ಹೇಳುವುದಿಲ್ಲ. ನಿಮ್ಮ ತೊಲೆ ಈಗಾಗಲೇ ಯಾರದೋ ಶೆಡ್ಡಿನಲ್ಲಿ ಇದ್ದರೆ ನಾಳೆಯೇ ಹೋಗಿ ಒಂದು ಫೋಟೋ ತೆಗೆದುಕೊಂಡು ಬನ್ನಿ. ಉಳಿದ ಚೂರುಪಾರು ಸಮೇತ ವಾಪಸ್ ಬೇಕು ಅಂತ ಆಗಲೇ ಹೇಳಿಬಿಡಿ.