ಪಿಎಫ್ ಬಿಡಿಸ್ಕೊಡ್ತೀನಿ ಅಂತ ಪೆನ್ಶನ್ನೇ ತೆಗೆಸ್ಬಿಟ್ಟ ಏಜೆಂಟ್, 10ಸಿ (ಪೆನ್ಶನ್ ದುಡ್ಡು ತೆಗಿಯೋ ಫಾರಂ) ಹಾಕೋ ಮುಂಚೆ ಇದನ್ನ ಓದಿ

ಗಾರ್ಮೆಂಟ್ಸಲ್ಲಿ ಕೆಲ್ಸ ಮಾಡೋ ಅಕ್ಕ ತಂಗೀರೆಲ್ಲ ದಯವಿಟ್ಟು ಓದಿ, ನಿಮ್ಮನೇಲಿ ಯಾರಾದ್ರೂ ಕೆಲ್ಸ ಬಿಟ್ಟು ಪಿಎಫ್ ತೆಗಿಯಕ್ಕೆ ಹೊರಟಿದ್ರೆ ಅವ್ರಿಗೂ ಓದಿ ಹೇಳಿ. ಬರೀಲೋ ಬೇಡ್ವೋ ಅಂತ ತುಂಬ ದಿನ ಯೋಚ್ನೆ ಮಾಡ್ದೆ, ನಾಚಿಕೆ ಆಗ್ತಿತ್ತು. ಲೈನಲ್ಲಿ ಎಲ್ರ ಪೇಸ್ಲಿಪ್ಪೂ ಓದಿ ಹೇಳ್ತಿದ್ದವ್ಳು ನಾನು, ನಾನೇ ಮೋಸ ಹೋದೆ ಅಂತ ಹೆಂಗೆ ಹೇಳ್ಕೊಳ್ಳೋದು.

2013ರಲ್ಲಿ ಟೈಲರ್ ಆಗಿ ಸೇರಿದ್ದು. ಮೊದಲ್ನೇ ಫ್ಯಾಕ್ಟರಿ 5 ವರ್ಷ 8 ತಿಂಗ್ಳು, ಎರಡನೇದು 3 ವರ್ಷ 8 ತಿಂಗ್ಳು, ಒಟ್ಟು 9 ವರ್ಷ 4 ತಿಂಗ್ಳು. ಈ ಲೆಕ್ಕ ನೆನಪಿಟ್ಕೊಳ್ಳಿ. 2022ರಲ್ಲಿ ಫ್ಯಾಕ್ಟರಿ ಶಿಫ್ಟ್ ಆಯ್ತು, ಅಷ್ಟು ದೂರ ದಿನಾ ಹೋಗಕ್ಕಾಗಲ್ಲ ಅಂತ ನಾವೊಂದಷ್ಟು ಜನ ಬಿಟ್ವಿ. ಮಗಳ ನರ್ಸಿಂಗ್ ಫೀಸ್ ಕಟ್ಟಬೇಕಿತ್ತು. ಆಧಾರಲ್ಲಿ ನನ್ನ ಹೆಸ್ರು ಒಂಥರ, ಪಿಎಫಲ್ಲಿ ಒಂಥರ ಇತ್ತು, ಅದನ್ನ ಸರಿ ಮಾಡ್ಸಕ್ಕೆ ಅಂತ ಪರಿಚಯದವ್ರು ಒಬ್ಬ ಏಜೆಂಟ್ ಹತ್ರ ಕರ್ಕೊಂಡು ಹೋದ್ರು. ಜೆರಾಕ್ಸ್ ಅಂಗಡಿ, ಒಳಗೆ ಒಂದು ಕಂಪ್ಯೂಟರ್, ನಮ್ಮಂಥವ್ರೇ ಏಳೆಂಟು ಜನ ಪಾಸ್‌ಬುಕ್ ಹಿಡ್ಕೊಂಡು ಕೂತಿದ್ರು. ಎಲ್ರೂ ಹೋಗ್ತಾರೆ ಅಂದ್ಮೇಲೆ ಸರಿಯಾಗೇ ಇರ್ಬೇಕು ಅಂದ್ಕೊಂಡೆ. ಬಂದ ದುಡ್ಡಲ್ಲಿ 100ಕ್ಕೆ 10 ರೂಪಾಯಿ ಅವ್ನಿಗೆ, ಅದಕ್ಕೂ ಒಪ್ಪಿದ್ದೆ.

ಆ ದಿನ ಅವ್ನು ಕಂಪ್ಯೂಟರ್ ಮುಂದೆ, ನಾನು ಪಕ್ಕದಲ್ಲಿ ಸ್ಟೂಲ್ ಮೇಲೆ. ಫೋನಿಗೆ ಓಟಿಪಿ ಬಂತು, ಆರು ನಂಬರ್ ಓದಿ ಹೇಳ್ದೆ. ಐದ್ನಿಮಿಷ ಬಿಟ್ಟು ಮತ್ತೊಂದು ಓಟಿಪಿ. ನಾನು ಕೇಳ್ದೆ, ಇದೇನಣ್ಣ ಇನ್ನೊಂದು ಬಂತಲ್ಲ ಅಂತ. "ಸರ್ವರ್ ಸ್ಲೋ ಅಕ್ಕ, ಮೊದಲ್ನೇದು ಹೋಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅಂದ. ಹೇಳ್ಬಿಟ್ಟೆ. ಮೊದಲ್ನೇದು ಫಾರಂ 19, ನನ್ನ ಪಿಎಫ್ ದುಡ್ಡಿಂದು. ಎರಡನೇದು 10ಸಿ, ನನ್ನ ಪೆನ್ಶನ್ನಿಂದು. ನನ್ನ ಬಾಯಲ್ಲೇ ಆರು ನಂಬರ್ ಹೇಳ್ಸಿ ನನ್ನ ಪೆನ್ಶನ್ ತೆಗೆಸ್ಬಿಟ್ಟ, ನಂಗೆ ಅದು ಗೊತ್ತಾಗಿದ್ದು ಎರಡು ವರ್ಷ ಆದ್ಮೇಲೆ.

ದುಡ್ಡು ಎರಡು ಸಲ ಬಂತು, 1,68,000 ಒಂದ್ಸಲ, ಆಮೇಲೆ 92,000. ಇಷ್ಟೊಂದು ಬಂತಲ್ಲ ಅಂತ ಖುಷಿನೂ ಆಯ್ತು. 26,000 ಎಣಿಸಿ ಕೊಟ್ಟೆ, ಮೇಲೆ ಅರ್ಧ ಕೆಜಿ ಮೈಸೂರ್ ಪಾಕ್ ತಗೊಂಡೋಗಿ ಕೊಟ್ಟೆ. ಅದು ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

49 ದಾಟಿದ್ಮೇಲೆ ಮತ್ತೆ ಒಂದು ಫ್ಯಾಕ್ಟರಿಗೆ ಚೆಕಿಂಗ್ ಸೆಕ್ಷನ್ನಿಗೆ ಸೇರ್ದೆ. ಅಲ್ಲಿ ಎಚ್‌ಆರ್ ಆಫೀಸಲ್ಲಿ ಒಬ್ಬ ಹುಡ್ಗಿ ನನ್ನ ಹಳೇ ಯುಎಎನ್, ಅಂದ್ರೆ ಪಿಎಫ್ ನಂಬರ್ ಹಾಕಿ ನೋಡ್ತಾ ನೋಡ್ತಾ ಸುಮ್ನಾದ್ಲು. ಸ್ಕ್ರೀನ್ ನನ್ನ ಕಡೆ ತಿರುಗ್ಸಿ "ಅಕ್ಕ, 10ಸಿ ಯಾಕ್ ಹಾಕಿದ್ರಿ, ಇನ್ನೆರಡು ತಿಂಗ್ಳು ಸರ್ವಿಸ್ ಆಗಿದ್ರೆ ಪೆನ್ಶನ್ ಇತ್ತಲ್ಲ ನಿಮ್ಗೆ" ಅಂದ್ಲು. ನಾನು ಹಾಕೇ ಇಲ್ಲಮ್ಮ, ಪಿಎಫ್ ಅಷ್ಟೇ ತೆಗ್ದಿದ್ದು ಅಂದೆ. ಅವ್ಳು ಡೇಟ್ ತೋರ್ಸಿದ್ಲು. ಎರಡೂ ಕ್ಲೇಮ್ ಒಂದೇ ದಿನ. ಆಗ ನೆನಪಾಯ್ತು ಆ ಎರಡನೇ ಓಟಿಪಿ. ಕೈ ಕಾಲು ತಣ್ಣಗಾಗೋಯ್ತು ನಂಗೆ.

ಅವ್ಳು ಹೇಳಿದ್ದನ್ನ ನಂಗೆ ಅರ್ಥ ಆದಂಗೆ ಹೇಳ್ತೀನಿ. ನಮ್ಮ ಸಂಬಳದಲ್ಲಿ 12 ಪರ್ಸೆಂಟ್ ಹಿಡೀತಾರಲ್ಲ, ಅದು ಪೂರ್ತಿ ಪಿಎಫ್‌ಗೆ. ಕಂಪ್ನಿ ಕಟ್ಟೋ 12ರಲ್ಲಿ 3.67 ಮಾತ್ರ ಪಿಎಫ್‌ಗೆ, 8.33 ಪೆನ್ಶನ್ ಸ್ಕೀಮಿಗೆ. ಪಾಸ್‌ಬುಕ್ಕಲ್ಲಿ ಕೊನೇ ಕಾಲಮ್ ಇರತ್ತಲ್ಲ ಅದೇ, ಬಡ್ಡಿ ಕೂಡ ಸೇರಲ್ಲ ಅದಕ್ಕೆ, ಹಂಗಾಗಿ ಅದನ್ನ ಸುಮ್ನೆ ಬಿದ್ದಿರೋ ದುಡ್ಡು ಅಂದ್ಕೊಂಡಿದ್ದೆ ನಾನು. ಅಲ್ಲಿ ಲೆಕ್ಕಕ್ಕೆ ಬರೋದು ನಾವು ದುಡಿದ ವರ್ಷ. 10 ವರ್ಷ ಆದ್ರೆ 58ಕ್ಕೆ ಪೆನ್ಶನ್, ನಾವು ಸತ್ರೆ ಗಂಡನಿಗೆ ಅದ್ರಲ್ಲಿ ಅರ್ಧ. ಆರು ತಿಂಗ್ಳು ಮೇಲಾದ್ರೆ ಅದನ್ನ ಒಂದು ವರ್ಷ ಅಂತ ಹಿಡೀತಾರೆ, ಅಂದ್ರೆ 9 ವರ್ಷ 6 ತಿಂಗ್ಳು ಇದ್ರೆ 10 ಅಂತ ಲೆಕ್ಕ. ನಂದು 9 ವರ್ಷ 4 ತಿಂಗ್ಳು. ಎರಡೇ ಎರಡು ತಿಂಗ್ಳು!

10ಸಿ ಹಾಕಿ ದುಡ್ಡು ತಗೊಂಡ್ರೆ ಆ ವರ್ಷಗಳೆಲ್ಲ ಅಳಿಸೋಗತ್ತೆ. ಈಗ ನಂದು ಸೊನ್ನೆಯಿಂದ ಶುರು, 58ಕ್ಕೆ ಎಂಟೂವರೆ ವರ್ಷ ಆಗತ್ತೆ, ಅಷ್ಟಕ್ಕೆ ಪೆನ್ಶನ್ ಇಲ್ಲ. ಮುಟ್ಟದೆ ಬಿಟ್ಟಿದ್ರೆ ಹಳೇದು ಹೊಸದು ಸೇರಿ 18 ವರ್ಷ ಅಂತ ಲೆಕ್ಕ ಆಗ್ತಿತ್ತು. ಪೆನ್ಶನ್ನಿಗೆ ಹಿಡಿಯೋ ಸಂಬಳ 12,000 ಅಂತ ಇಟ್ಕೊಳ್ಳಿ, ಅದನ್ನ 18ರಲ್ಲಿ ಗುಣಿಸಿ 70ರಲ್ಲಿ ಭಾಗಿಸಿ, ತಿಂಗ್ಳಿಗೆ 3,000 ಮೇಲೆ ಬರ್ತಿತ್ತು. ದೊಡ್ಡ ದುಡ್ಡೇನಲ್ಲ ಅನ್ಬೋದು ಕೆಲವ್ರು. ಸೊಂಟ ಬಿದ್ದು ಮನೇಲಿ ಕೂತಾಗ ಬಿಪಿ ಮಾತ್ರೆಗೆ ಮಗನ್ನ ಕೇಳದೆ ಇರ್ಬೋದಿತ್ತು ನಾನು.

ಅವತ್ತೇ ಸಂಜೆ ಏಜೆಂಟ್‌ಗೆ ಫೋನ್ ಮಾಡ್ದೆ. ಮೊದ್ಲು "ಯಾರು, ನೆನಪಿಲ್ಲ" ಅಂದ. ಊರು, ಫ್ಯಾಕ್ಟರಿ ಎಲ್ಲ ಹೇಳಿದ್ಮೇಲೆ "ಎರಡೂ ಫಾರಂ ಹಾಕಿದ್ರೇನೇ ದುಡ್ಡು ಬರೋದು ಅಕ್ಕ" ಅಂದ. ಸುಳ್ಳು, 19 ಒಂದೇ ಹಾಕ್ಬೋದು, ಆ ಹುಡ್ಗಿ ತೋರ್ಸಿದ್ಲು ನಂಗೆ. ಅದನ್ನ ಹೇಳಿದ್ಕೆ ದನಿ ಬದಲಾಯ್ಸಿ "ನೀವೇ ತಾನೆ ಓಟಿಪಿ ಕೊಟ್ಟಿದ್ದು, ನಾನೇನ್ ಕದ್ನಾ" ಅಂದ. ಆಮೇಲೆ ಅವ್ನಂದಿದ್ದು ಕೇಳಿ, "2016ರಲ್ಲಿ ನಮ್ ದುಡ್ಡು ನಮ್ಗೆ ಕೊಡಿ ಅಂತ ನೀವೇ ಅಲ್ವಾ ರೋಡಿಗಿಳಿದಿದ್ದು, ಈಗ ಪೂರ್ತಿ ಕೊಡ್ಸಿದ್ಕೆ ಬಯ್ತೀರಾ" ಅಂತ.

ಹೌದು, ಇಳಿದಿದ್ದೆ. ಕಂಪ್ನಿ ಕಟ್ಟಿದ ಭಾಗ 58 ವರ್ಷ ಆಗೋವರ್ಗೂ ಕೊಡಲ್ಲ ಅಂತ ರೂಲ್ ತಂದಾಗ ಏಪ್ರಿಲ್ ಬಿಸಿಲಲ್ಲಿ ಹೊಸೂರು ರೋಡಲ್ಲಿ ಸಾವಿರಾರು ಹೆಣ್ಮಕ್ಳು ಕೂತ್ವಿ, ಎರಡನೇ ದಿನಕ್ಕೆ ಸರ್ಕಾರ ಆ ರೂಲ್ ವಾಪಸ್ ತಗೊಳ್ತು. ಅದು ನಮ್ಮ ಪಿಎಫ್ ದುಡ್ಡಿಗೆ, ಬೇಕಾದಾಗ ನಾವೇ ತೆಗೀಬೇಕು ಅಂತ. ಇವ್ನು ನನ್ನ ಕೇಳದೆ ಪೆನ್ಶನ್ ತೆಗ್ದಿದ್ದು ಆ 92,000ದಲ್ಲಿ ಅವ್ನಿಗೂ 9,200 ಸಿಗತ್ತೆ ಅಂತ. ಅಷ್ಟಕ್ಕೆ ನನ್ನ 9 ವರ್ಷ 4 ತಿಂಗ್ಳು! ಅದೂ ಹೇಳ್ದೆ, ಫೋನ್ ಕಟ್ ಮಾಡ್ದ. ಈಗ ನನ್ನ ನಂಬರ್ ಬ್ಲಾಕ್.

ಪಿಎಫ್ ಆಫೀಸಿಗೂ ಹೋದೆ, ದುಡ್ಡು ವಾಪಸ್ ಕಟ್ತೀನಿ ಸಾರ್, ವರ್ಷ ವಾಪಸ್ ಕೊಡಿ ಅಂದೆ. ಸೆಟ್ಲ್ ಆಗಿರೋ ಕ್ಲೇಮಮ್ಮ, ಏನೂ ಮಾಡಕ್ಕಾಗಲ್ಲ ಅಂದ್ರು.

ಓಟಿಪಿ ಬಂದ್ರೆ ಯಾವ ಫಾರಂಗೆ ಅಂತ ಕೇಳ್ದೆ ಹೇಳ್ಬೇಡಿ, ಎರಡನೇ ಸಲ ಬಂದ್ರಂತೂ ಹೇಳ್ಲೇಬೇಡಿ. ಪಿಎಫ್ ಆಫೀಸಲ್ಲಿ ಯಾವ್ದಕ್ಕೂ ಫೀಸ್ ಇಲ್ಲ, ಪರ್ಸೆಂಟೇಜ್ ಕೇಳೋನ ಹತ್ರ ಹೋಗ್ಲೇಬೇಡಿ, ನಿಮ್ಮ ಫ್ಯಾಕ್ಟರಿ ಎಚ್‌ಆರ್ ಹತ್ರ ಕೇಳಿ. ಮತ್ತೆ ದುಡಿಯೋ ಯೋಚ್ನೆ ಇದ್ರೆ 10ಸಿ ಹಾಕಿ ದುಡ್ಡು ತಗೋಬೇಡಿ, ಸ್ಕೀಮ್ ಸರ್ಟಿಫಿಕೇಟ್ (ದುಡಿದ ವರ್ಷ ಅಳಿಸೋಗದಂಗೆ ಬರೆದು ಕೊಡೋ ಪತ್ರ) ತಗೊಳ್ಳಿ, ಇಲ್ಲ ಪೆನ್ಶನ್ ಕಾಲಮ್ ಮುಟ್ಟದೆ ಹಂಗೇ ಬಿಡಿ.

ನಮ್ಮ ಹಳೇ ಲೈನಲ್ಲಿದ್ದ ಒಬ್ರು, 8 ವರ್ಷ ಸರ್ವಿಸ್, ಅದೇ ಜೆರಾಕ್ಸ್ ಅಂಗಡಿಗೆ ಹೊರಟಿದ್ರು. ಹೋದ ಭಾನುವಾರ ನಮ್ಮನೆಗೆ ಕರ್ಸಿ, ನನ್ನ ಮಗಳ ಫೋನಲ್ಲಿ 19 ಮಾತ್ರ ಹಾಕ್ಸಿದ್ವಿ. ಓಟಿಪಿ ಅವ್ರ ಫೋನಿಗೆ ಬಂತು, ಅವ್ರೇ ಟೈಪ್ ಮಾಡಿದ್ರು. ಆಮೇಲೆ ಕಾಫಿ ಕುಡ್ಕೊಂಡು ಒಂದರ್ಧ ಗಂಟೆ ಆ ಫೋನನ್ನೇ ನೋಡ್ತಾ ಕೂತಿದ್ದೆ ನಾನು. ಇನ್ನೊಂದು ಬರ್ಲಿಲ್ಲ.