ಕಬಿನಿ ಸಫಾರಿಗೆ 2ಎಕ್ಸ್ ಕನ್ವರ್ಟರ್ ನಂಬಿಕೊಂಡು ಹೋಗಬೇಡಿ

ಕಬಿನಿಗೋ ಬಂಡೀಪುರಕ್ಕೋ ಹೊರಟಿದ್ದೀರಾ? ಲೆನ್ಸ್ ಬಾಡಿಗೆಗೆ ತರುವ ಯೋಚನೆ ಇದೆಯಾ? ಹಾಗಿದ್ದರೆ ಅಂಗಡಿಗೆ ಹೋಗುವ ಮುಂಚೆ ಇದನ್ನೊಂದು ಸಲ ಓದಿ. ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಎದುರಿಗೇ ಇದ್ದ ಚಿರತೆಯನ್ನು ಸರಿಯಾಗಿ ನೋಡದೆ ವಾಪಸ್ ಬಂದೆನಲ್ಲ, ಆ ಸಂಕಟ ಇನ್ನೂ ಆರಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನನ್ನದು ಹಳೆಯ ಡಿಎಸ್‌ಎಲ್‌ಆರ್, ಕ್ರಾಪ್ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡ ಫುಲ್‌ಫ್ರೇಮ್‌ಗಿಂತ ಚಿಕ್ಕದು. 150-600 ಎಂಎಂ ಜೂಮ್ ಲೆನ್ಸ್ ಬೇಕೆಂದು ಮೊದಲೇ ಹೇಳಿಟ್ಟಿದ್ದೆ. ಹೊರಡುವ ಹಿಂದಿನ ದಿನ ಹೋದರೆ, ಅದು ಬೇರೆಯವರ ಹತ್ತಿರ ಇದೆ ಅಂದರು. ಬದಲಿಗೆ 100-400 ಕೊಟ್ಟು, ಅದರ ಹಿಂದಕ್ಕೆ ಬೇರೆ ಯಾವುದೋ ಕಂಪನಿಯ 2ಎಕ್ಸ್ ಕನ್ವರ್ಟರ್, ಅಂದರೆ ಎಂಎಂ ಎರಡರಷ್ಟು ಮಾಡುವ ಗಾಜಿನ ತುಂಡು, ಸಿಕ್ಕಿಸಿ, ‘ಇದು 800 ಆಗುತ್ತೆ ಮೇಡಂ, ನೀವು ಕೇಳಿದ್ದಕ್ಕಿಂತ ಜಾಸ್ತೀನೇ’ ಅಂದರು. ಅಂಗಡಿ ಬಾಗಿಲಲ್ಲಿ ನಿಂತು ಎದುರು ಸಾಲಿನ ಬೋರ್ಡಿಗೆ ಹಿಡಿದು ನೋಡಿದೆ. ಫೋಕಸ್ ಆಯ್ತು. ಆಗ ಮಧ್ಯಾಹ್ನ ಹನ್ನೆರಡೂವರೆ, ಸುಡು ಬಿಸಿಲು. ನಾನು ಮೋಸ ಹೋದದ್ದು ಅಲ್ಲೇ.

ಮೊದಲ ದಿನ ಸಂಜೆ ಸಫಾರಿಯಲ್ಲಿ ಒಂಟಿ ಸಲಗವೊಂದು ದಾರಿ ಪಕ್ಕದ ಬಿದಿರು ಮುರಿಯುತ್ತಾ ನಿಂತಿತ್ತು. ನಮ್ಮ ಜೀಪಿನಿಂದ ಹದಿನೈದು ಮೀಟರ್ ಇರಬಹುದು. ಕನ್ವರ್ಟರ್ ಸೇರಿದರೆ 100 ಎಂಎಂ ಹೋಗಿ 200 ಆಗುತ್ತದೆ, ಅದಕ್ಕಿಂತ ಹಿಂದಕ್ಕೆ ಬರುವುದಿಲ್ಲ. ಕ್ರಾಪ್ ಸೆನ್ಸರ್‌ನಲ್ಲಿ ಅಷ್ಟು ದೂರಕ್ಕೆ ಚಿತ್ರದೊಳಗೆ ಹಿಡಿಯುವ ಅಗಲ ಎರಡು ಮೀಟರ್ ಕೂಡ ಇಲ್ಲ. ಆನೆಯ ಕಣ್ಣು ಸಿಕ್ಕಿತು, ದಂತದ ತುದಿ ಸಿಕ್ಕಿತು, ಆನೆ ಸಿಗಲಿಲ್ಲ. ನನ್ನ ಹಳೆಯ 18-55 ರೂಮಿನಲ್ಲಿತ್ತು. ದೊಡ್ಡ ಲೆನ್ಸ್ ಇರುವಾಗ ಅದೇಕೆ ಎಂದು ನಾನೇ ಬಿಟ್ಟು ಬಂದಿದ್ದೆ.

ಮರುದಿನ ಬೆಳಿಗ್ಗೆ ಸುಮಾರು ಆರೂ ಮುಕ್ಕಾಲು. ಮುಸುವ ಒಂದೇ ಸಮನೆ ಕೂಗುತ್ತಿತ್ತು, ಅದರ ಹಿಂದೆಯೇ ಜಿಂಕೆಯ ಕರೆ. ಡ್ರೈವರ್ ಇಂಜಿನ್ ಆಫ್ ಮಾಡಿದರು. ಅಮ್ಮ ನನ್ನ ಮೊಣಕೈ ಹಿಡಿದು, ‘ಅಗೋ ಬಾಲ’ ಅಂದರು. ಮೊಸಳೆ ಚರ್ಮದಂತೆ ತೊಗಟೆ ಒಡೆದಿದ್ದ ದೊಡ್ಡ ಮತ್ತಿ ಮರ. ಅದರ ಅಡ್ಡ ಕೊಂಬೆಯ ಮೇಲೆ ಚಿರತೆ ಕಾಲು ಇಳಿಬಿಟ್ಟು ಮಲಗಿತ್ತು.

ನಾನು ಕ್ಯಾಮೆರಾ ಎತ್ತಿದೆ. ಲೆನ್ಸ್ ಝುಯ್ ಎಂದು ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಮತ್ತೆ ಹೋಯ್ತು, ಮತ್ತೆ ಬಂತು. ಒಂದು ಕ್ಷಣ ಚುಕ್ಕೆಗಳು ಕಂಡ ಹಾಗೆ ಆಗಿ ಮತ್ತೆ ಎಲ್ಲ ಮಂಜು. ವ್ಯೂಫೈಂಡರ್ ಒಳಗೇ ಕತ್ತಲು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೆಚ್ಚಿಸುವ ಐಎಸ್ಒ ಅನ್ನು 6400ಕ್ಕೆ ಏರಿಸಿದರೂ ಶಟರ್ ವೇಗ 1/60 ಸೆಕೆಂಡು ದಾಟಲಿಲ್ಲ. ಕೈಯಲ್ಲಿ ಹಿಡಿದ 800 ಎಂಎಂ ಅಲುಗದಿರಬೇಕಾದರೆ ಕನಿಷ್ಠ 1/800 ಬೇಕು. ಕನ್ವರ್ಟರ್ ಬಿಚ್ಚೋಣವೆಂದರೆ ಬೇಸಿಗೆಯ ಕೆಂಧೂಳು, ಕೈ ಬೇರೆ ನಡುಗುತ್ತಿತ್ತು. ಅಷ್ಟರಲ್ಲಿ ಚಿರತೆ ಎದ್ದು, ಮೈ ಮುರಿದು, ಕಾಂಡಕ್ಕೆ ಉಗುರು ಊರಿಕೊಂಡು ಇಳಿದು ಲಂಟಾನದೊಳಗೆ ಹೋಯಿತಂತೆ. ಇದು ಅಮ್ಮ ಹೇಳಿದ್ದು. ನಾನು ಅಷ್ಟೂ ಹೊತ್ತು ಫೋಕಸ್ ರಿಂಗ್ ತಿರುಗಿಸುತ್ತಿದ್ದೆ. ವಾಪಸ್ ಬರುವಾಗ ಅಮ್ಮ, ‘ಅದು ನಮ್ಮ ಕಡೆ ತಿರುಗಿ ನೋಡ್ತಲ್ಲ, ನೋಡಿದೆಯಾ?’ ಎಂದು ಕೇಳಿದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಆದದ್ದು ಇಷ್ಟು. 2ಎಕ್ಸ್ ಕನ್ವರ್ಟರ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ನಾಲ್ಕರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿಯುತ್ತದೆ. ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ ಎನ್ನುವುದನ್ನು ಎಫ್ ಸಂಖ್ಯೆ ಹೇಳುತ್ತದೆ, ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ; 400 ಎಂಎಂನಲ್ಲಿ ಎಫ್/5.6 ಇದ್ದದ್ದು ಎಫ್/11 ಆಗುತ್ತದೆ. ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ನೆಚ್ಚಿಕೊಳ್ಳುವ ಹಾಗಿರುವುದು ಎಫ್/5.6ರ ಆಸುಪಾಸಿನವರೆಗೆ, ಕೆಲವು ಮಾಡೆಲ್‌ಗಳಲ್ಲಿ ಎಫ್/8ರವರೆಗೆ. ಸುಡುಬಿಸಿಲಲ್ಲಿ ಹೇಗೋ ನಡೆಯುತ್ತದೆ, ಮರದ ನೆರಳಲ್ಲಿ ಕೈಕೊಡುತ್ತದೆ. ಸಫಾರಿ ಇರುವುದೇ ಮುಂಜಾನೆ ಮತ್ತು ಸಂಜೆ. ಆಗ ನಮ್ಮ ನಾಗರಹೊಳೆಯ ಕಾಡಿನೊಳಗೆ ಬೆಳಕೆಲ್ಲಿ? ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಎಫ್/11ರಲ್ಲೂ ಫೋಕಸ್ ಮಾಡುತ್ತವೆ, ನಿಜ. ಆದರೆ ಕಳೆದುಹೋದ ಬೆಳಕನ್ನು ಅವೂ ತಂದುಕೊಡುವುದಿಲ್ಲ.

ನನಗೆ ಹೆಚ್ಚು ಹೊಟ್ಟೆ ಉರಿಸಿದ ಸಂಗತಿ ಆಮೇಲೆ ತಿಳಿಯಿತು. ಕ್ರಾಪ್ ಸೆನ್ಸರ್‌ನಲ್ಲಿ 400 ಎಂಎಂ ಲೆನ್ಸೇ ಫುಲ್‌ಫ್ರೇಮ್‌ನ 600ರಷ್ಟು ಹತ್ತಿರ ತೋರಿಸುತ್ತದೆ. ಕನ್ವರ್ಟರ್ ಬೇಕೇ ಇರಲಿಲ್ಲ. ಅದೇ ಲೆನ್ಸನ್ನು ಬರಿದಾಗಿ ಹಾಕಿದ್ದರೆ ಅದೇ ಬೆಳಕಿನಲ್ಲಿ ಶಟರ್ 1/240ರ ಹತ್ತಿರ ಬರುತ್ತಿತ್ತು. ಮಲಗಿದ್ದ ಚಿರತೆಗೆ, ಇಂಜಿನ್ ನಿಂತಿದ್ದ ಜೀಪಿನಲ್ಲಿ, ಲೆನ್ಸಿನ ಸ್ಟೆಬಿಲೈಸರ್ ಆನ್ ಮಾಡಿ ಬೀನ್ ಬ್ಯಾಗ್ ಮೇಲೆ ಇಟ್ಟುಕೊಂಡಿದ್ದರೆ ಅಷ್ಟು ಸಾಕಿತ್ತು. ಬೀನ್ ಬ್ಯಾಗ್ ಕೊಳ್ಳಲೂ ಬೇಕಿಲ್ಲ, ಗಟ್ಟಿ ಬಟ್ಟೆಯ ಚೀಲಕ್ಕೆ ಎರಡು ಕೆಜಿ ಅಕ್ಕಿ ತುಂಬಿ ಬಾಯಿ ಹೊಲಿದರೆ ಆಯ್ತು. ಟ್ರೈಪಾಡ್ ಹೊತ್ತು ಹೋಗಬೇಡಿ, ಜೀಪಿನಲ್ಲಿ ಅದಕ್ಕೆ ಕಾಲಿಡಲು ಜಾಗವಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಎಷ್ಟು ಎಂಎಂ ಅಂತ ಮೊದಲು ಕೇಳಬೇಡಿ. ಪೂರ್ತಿ ಜೂಮ್ ಮಾಡಿದಾಗ ಎಫ್ ಎಷ್ಟು ಅಂತ ಕೇಳಿ. ಎಫ್/6.3 ದಾಟಿದರೆ ಬೇಡ ಅನ್ನಿ. ಕೇಳಿದ ಲೆನ್ಸ್ ಇಲ್ಲವೆಂದು ಕೊನೆ ಗಳಿಗೆಯಲ್ಲಿ ಬೇರೆ ಕೊಟ್ಟರೆ ಅಲ್ಲೇ ಒಪ್ಪಿಕೊಳ್ಳಬೇಡಿ. ಕಬಿನಿ ಹಿನ್ನೀರಿನ ಬಯಲಿಗೆ ಬೇಸಿಗೆಯಲ್ಲಿ ಆನೆ ಹಿಂಡು ಬರುತ್ತದೆ. ಅಲ್ಲಿ 70-200 ಕೂಡ ಚೆನ್ನಾಗಿ ನಡೆಯುತ್ತದೆ, ಹಿಂಡಿನ ಜೊತೆಗೆ ನೀರು, ಒಣಗಿ ನಿಂತ ಮರದ ಬೊಡ್ಡೆ ಎಲ್ಲ ಸೇರಿಯೇ ಅದು ಕಬಿನಿ. ಸಫಾರಿಯಲ್ಲಿ ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕ ಇರುತ್ತದೆ, ಬುಕ್ ಮಾಡುವಾಗಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಲೆನ್ಸ್ ಹಿಂದಿರುಗಿಸಿದಾಗ ಮುಂದಿನ ಗಾಜಿನ ಮೇಲೆ ಗೀರು ಇದೆಯೆಂದು ನನ್ನ ಡೆಪಾಸಿಟ್‌ನಲ್ಲಿ ಎರಡು ಸಾವಿರ ಹಿಡಿದುಕೊಂಡರು. ಆ ಗೀರು ಮೊದಲೇ ಇತ್ತು, ಆದರೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ತೆಗೆದುಕೊಳ್ಳುವಾಗಲೇ ಗಾಜು, ಮೌಂಟ್, ಸೀರಿಯಲ್ ನಂಬರ್ ಮೂರನ್ನೂ ಅವರ ಎದುರಲ್ಲೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಬರುವ ತಿಂಗಳು ಅಮ್ಮನ ಜೊತೆ ಮತ್ತೆ ಹೊರಟಿದ್ದೇನೆ. ಈ ಸಲ ಲೆನ್ಸ್ ಮೂರು ದಿನ ಮುಂಚೆ ಕೈಗೆ ಬರುತ್ತದೆ. ಬೆಳಿಗ್ಗೆ ಆರೂ ಕಾಲಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು, ಮರದ ನೆರಳಲ್ಲಿ ಕೂತ ಹೆಜ್ಜಾರ್ಲೆಗೆ ಹಿಡಿದು ನೋಡುತ್ತೇನೆ. ಅಲ್ಲಿ ಅದರ ಕಣ್ಣು ಸಿಗದಿದ್ದರೆ ಅವತ್ತೇ ಅಂಗಡಿಗೆ ವಾಪಸ್.