ಚಳಿಗಾಲದಲ್ಲಿ ಕೊಟ್ಟಿಗೆಗೆ ಯಾವ ನೀರು? ಅಬ್ಬಿ, ಬಾವಿ, ಸೋಲಾರ್, ರಾಮ್ ಪಂಪ್

ಪುಷ್ಯ ಮಾಸ, ಬೆಳಗಿನ ಆರು ಗಂಟೆ. ಗೌರಿ ಕಲ್ಲಿನ ಮರಿಗೆಗೆ ಮೂತಿ ಇಟ್ಟಳು, ತುಟಿ ತೋಯಿಸಿಕೊಂಡಳು, ತಕ್ಷಣ ತಲೆ ಎತ್ತಿ ಮೂಗಿನಿಂದ ಫುಸ್ಸೆಂದು ಊದಿದಳು. ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಮರಿಗೆ ತುಂಬ ನೀರಿತ್ತು. ಮೂರು ದಿನದಿಂದ ಅವಳ ಸಗಣಿ ಗಟ್ಟಿಯಾಗಿ ಬೀಳುತ್ತಿತ್ತು, ಹಾಲೂ ಇಳಿದಿತ್ತು. ಕೊಟ್ಟಿಗೆಗೆ ನೀರು ಬಂದರೆ ಸಾಲದು, ಅದು ದನದ ಗಂಟಲಿಗೂ ಇಳಿಯಬೇಕು ಎಂದು ನನಗೆ ಅರಿವಾದದ್ದು ಅವತ್ತು.

ನಮ್ಮದು ಲಿಂಗನಮಕ್ಕಿ ಹಿನ್ನೀರಿನಾಚೆ, ಕಾಡಿನ ಅಂಚಿನ ಮನೆ. ಕರೆಂಟಿನ ಲೈನ್ ಇಲ್ಲ. ಮಳೆಗಾಲದಲ್ಲಿ ಹಳ್ಳದ ನೀರಿಗೆ ಕೂರಿಸಿದ ಪುಟ್ಟ ಟರ್ಬೈನ್ ದೀಪ ಉರಿಸುತ್ತದೆ, ಡಿಸೆಂಬರ್ ಹೊತ್ತಿಗೆ ಅದೂ ನಿಲ್ಲುತ್ತದೆ. ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ತಳಿಯ ದನ, ಒಂದು ಜರ್ಸಿ ಮಿಶ್ರತಳಿಯ ಗೌರಿ, ಒಂದು ಕರು. ನಾಲ್ಕು ಚಳಿಗಾಲಗಳಲ್ಲಿ ನಾಲ್ಕು ದಾರಿ ನೋಡಿದ್ದೇನೆ.

ನೀರಿನ ಚಿಂತೆ ಬೇಸಿಗೆಯದ್ದು ಎಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಆದರೆ ಹಸಿ ಹುಲ್ಲಿನಲ್ಲಿ ನೂರಕ್ಕೆ ಎಪ್ಪತ್ತೆಂಬತ್ತು ಪಾಲು ನೀರೇ. ಮಳೆಗಾಲದಲ್ಲಿ ದನ ಮೇಯುತ್ತಲೇ ನೀರು ಕುಡಿದಂತಾಗುತ್ತದೆ. ಚಳಿಗಾಲಕ್ಕೆ ಬೆಟ್ಟದ ಹುಲ್ಲು ಒಣಗಿ ಬೈಹುಲ್ಲು ಶುರುವಾಯಿತೆಂದರೆ ಅದರಲ್ಲಿರುವ ನೀರು ನೂರಕ್ಕೆ ಹತ್ತರ ಆಸುಪಾಸು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಆ ಕೊರತೆಯನ್ನೆಲ್ಲ ಮರಿಗೆಯೇ ತುಂಬಬೇಕು, ಅದೂ ನೀರು ಅತಿ ತಣ್ಣಗಿರುವ ತಿಂಗಳುಗಳಲ್ಲಿ.

ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು, ನಮ್ಮಲ್ಲಿ ಹಿಂದಿನಿಂದಲೂ ಇದೆ. ಮಾವನ ಕಾಲದಲ್ಲಿ ಸೀಳಿದ ಅಡಿಕೆ ಮರದ ದೋಣಿಯಲ್ಲಿ ಹರಿದು ಬರುತ್ತಿತ್ತು, ಈಗ ಗುಡ್ಡದ ಒರತೆಯಿಂದ ಮುಕ್ಕಾಲು ಇಂಚಿನ ಕಪ್ಪು ಪೈಪು. ಎಣ್ಣೆ ಬೇಡ, ಬಿಸಿಲು ಬೇಡ, ಹಗಲು ರಾತ್ರಿ ಹರಿಯುತ್ತದೆ. ನಿಂತ ನೀರಲ್ಲವಾದ್ದರಿಂದ ಮರಿಗೆಯಲ್ಲಿ ಪಾಚಿಯೂ ಕಡಿಮೆ. ತೊಂದರೆಯೆಲ್ಲ ದಾರಿಯಲ್ಲಿ. ಬಾಯಿಗೆ ತರಗೆಲೆ ಕಟ್ಟುತ್ತದೆ, ಏಡಿ ಹೊಕ್ಕುತ್ತದೆ, ಕಾಡುಕೋಣ ತುಳಿದರೆ ಜೋಡಣೆ ಕಳಚುತ್ತದೆ. ಪೈಪು ಗುಡ್ಡದ ಉಬ್ಬು ಏರಿ ಇಳಿಯುವ ಕಡೆ ಗಾಳಿ ಕಟ್ಟಿಕೊಂಡರೆ ನೀರು ಪೂರ್ತಿ ನಿಂತುಬಿಡುತ್ತದೆ. ಅಂಥ ಉಬ್ಬಿನ ನೆತ್ತಿಯಲ್ಲೊಂದು ಮೂರು ಬಾಯಿಯ ಟೀ ಜೋಡಣೆ ಕೂರಿಸಿ, ಅದಕ್ಕೆ ಬಿರಡೆ ಹಾಕಿಟ್ಟುಕೊಂಡರೆ ಬಿಚ್ಚಿ ಗಾಳಿ ಬಿಡಬಹುದು. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಬಾಯಿಗೆ ಬಿದಿರು ಬುಟ್ಟಿ ಕವುಚಿದ ಮೇಲೆ ಏಡಿಯ ಕಾಟ ತಪ್ಪಿತು.

ಆದರೆ ಗೌರಿ ಮೂಸಿ ಬಿಟ್ಟದ್ದು ಇದೇ ನೀರನ್ನು. ಇಬ್ಬನಿ ಸುರಿಯುವ ಗುಡ್ಡದ ಮೇಲೆ ಇಡೀ ರಾತ್ರಿ ಮಲಗಿದ ಪೈಪಿನಲ್ಲಿ ಹರಿದು ಬಂದ ನೀರದು.

ಅತ್ತೆ ಒಂದೇ ಮಾತು ಹೇಳಿದರು: "ಬಾವಿ ನೀರು ಸೇದಿ ಕೊಡು. ಸೇದಿದ ಕೂಡ್ಲೇ ಕೊಡು, ಇಟ್ಟು ಕೊಡಬೇಡ." ಬಾವಿಯಿಂದ ಎತ್ತಿದ ಕೊಡದ ಬಾಯಲ್ಲಿ ಆ ಚಳಿಗೆ ಸಣ್ಣಗೆ ಹಬೆ ಏಳುತ್ತಿತ್ತು. ಗೌರಿ ಮೊದಲು ಮೂಸಿದಳು, ಆಮೇಲೆ ಮೂತಿ ಮುಳುಗಿಸಿ ಎಳೆಯತೊಡಗಿದಳು. ಒಂದೊಂದು ಗುಟುಕಿಗೂ ಕಿವಿ ಹಿಂದೆ ಮುಂದೆ ಆಡುತ್ತಿತ್ತು, ಗಂಟಲ ಗುಂಟ ನೀರಿಳಿಯುವುದು ಚರ್ಮದ ಮೇಲೇ ಕಾಣುತ್ತಿತ್ತು. ಬಕೆಟ್ ತಳ ಕಂಡ ಮೇಲೂ ನೆಕ್ಕುತ್ತ ನಿಂತಳು.

ಆ ವಾರವೇ ಪೇಟೆಯಿಂದ ಥರ್ಮಾಮೀಟರ್ ತರಿಸಿದೆ. ಬೆಳಿಗ್ಗೆ ಆರಕ್ಕೆ ಮರಿಗೆಯ ನೀರು 13 ಡಿಗ್ರಿ, ಪೈಪಿನ ಬಾಯಲ್ಲಿ 16, ಆಗಷ್ಟೇ ಸೇದಿದ ಬಾವಿ ನೀರು 23. ಆಳದ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಶಾಖದಲ್ಲಿರುತ್ತದೆ, ಬಾವಿ ನೀರಿಗೂ ಅದೇ ಶಾಖ. ಅದಕ್ಕೇ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. 15 ಲೀಟರಿನ ಬಕೆಟ್ಟಿನಲ್ಲಿ ಎರಡು ವಾರ ಅಳೆದು ನೋಡಿದೆ. ಬೆಳಗಿನ ಹೊತ್ತು ಮರಿಗೆಯ ನೀರನ್ನು ಅರ್ಧ ಬಕೆಟ್ಟೂ ಮುಟ್ಟದ ಗೌರಿ, ಬಾವಿ ನೀರನ್ನು ಒಂದೂವರೆ ಬಕೆಟ್ ಕುಡಿದಳು. ಸಗಣಿ ನಾಲ್ಕೇ ದಿನದಲ್ಲಿ ಸರಿಹೋಯಿತು. ಹಾಲು ಅರ್ಧ ಲೀಟರ್ ಏರಿತು, ಆದರೆ ಆಗಲೇ ಹಿಂಡಿಯನ್ನೂ ಬದಲಿಸಿದ್ದೆ. ಹಾಗಾಗಿ ಅದನ್ನು ನೀರಿನ ಲೆಕ್ಕಕ್ಕೆ ಪೂರ್ತಿ ಬರೆಯುವುದಿಲ್ಲ. ಗಿಡ್ಡಗಳಲ್ಲಿ ಇಷ್ಟು ವ್ಯತ್ಯಾಸ ಕಾಣಲಿಲ್ಲ. ಅವು ಕುಡಿಯುವುದೇ ಕಡಿಮೆ, ತಣ್ಣೀರಿಗೂ ಅಷ್ಟು ಹಿಂಜರಿಯುವುದಿಲ್ಲ.

ಬಾವಿಯ ಕಷ್ಟ ರಟ್ಟೆಯದ್ದು. ನಾಲ್ಕೂ ಜಾನುವಾರಿಗೆ ದಿನಕ್ಕೆ ನೂರು ಲೀಟರಿನ ಮೇಲೆ ಬೇಕು. ಅಷ್ಟನ್ನೂ ರಾಟೆಯಲ್ಲಿ ಸೇದಿದ ತಿಂಗಳು ನನ್ನ ಭುಜ ರಾತ್ರಿ ಮಲಗಲು ಬಿಡುತ್ತಿರಲಿಲ್ಲ.

ಅದಕ್ಕೇ ಮೂರನೆಯ ವರ್ಷ ಸಾಲ ಮಾಡಿ ಬಾವಿಗೆ ಸೋಲಾರ್ ಪಂಪ್ ಇಳಿಸಿದೆವು. ಬ್ಯಾಟರಿ ಇಲ್ಲ, ಬಿಸಿಲಿದ್ದಾಗ ಎತ್ತಿ ಸಾವಿರ ಲೀಟರಿನ ಸಿಂಟೆಕ್ಸ್ ತುಂಬಿಸುವ ಬಗೆ. ನಮ್ಮಲ್ಲಿ ಮಂಜು ಕರಗುವುದೇ ಒಂಬತ್ತೂವರೆಗೆ. ಮೂರೂವರೆಗೆಲ್ಲ ಗುಡ್ಡದ ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ. ಆದರೂ ಟ್ಯಾಂಕ್ ತುಂಬುತ್ತದೆ, ಅದರಲ್ಲಿ ಕೊರತೆಯಿಲ್ಲ. ಆದರೆ ರಾತ್ರಿ ಟ್ಯಾಂಕಿನಲ್ಲಿ ಕೂತ ಬಾವಿ ನೀರು ಬೆಳಿಗ್ಗೆ ಬಾವಿ ನೀರಾಗಿ ಉಳಿದಿರುವುದಿಲ್ಲ, ಥರ್ಮಾಮೀಟರ್ 15 ತೋರಿಸಿತು. ಅತ್ತೆ "ಇಟ್ಟು ಕೊಡಬೇಡ" ಎಂದದ್ದು ಇದನ್ನೇ. ಚಳಿಗಾಲಕ್ಕೆಂದೇ ಇಷ್ಟು ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಒರತೆ ಸಣ್ಣಗಾಗುವ ಫೆಬ್ರವರಿಯಿಂದ ಮಳೆ ಬೀಳುವವರೆಗೆ ಮಾತ್ರ ಅದೇ ನಮ್ಮ ಆಧಾರ.

ರಾಮ್ ಪಂಪ್ ನನ್ನ ಗಂಡನ ಆಸೆ. 1796ರಲ್ಲಿ ಫ್ರಾನ್ಸಿನಲ್ಲಿ, ಬಿಸಿಗಾಳಿ ಬಲೂನು ಹಾರಿಸಿದ ಮಾಂಗೋಲ್ಫಿಯೇ ಸೋದರರಲ್ಲಿ ಹಿರಿಯನು ಮಾಡಿದ ಯಂತ್ರ. ಇಳಿದು ಬರುವ ನೀರನ್ನು ಕವಾಟ ತಟ್ಟನೆ ತಡೆದಾಗ ಏಳುವ ಒತ್ತಡವೇ ಸ್ವಲ್ಪ ನೀರನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಹಳ್ಳದಲ್ಲಿ ಮೂರು ಮೀಟರ್ ಇಳಿಜಾರು, ಕೊಟ್ಟಿಗೆ ಹದಿನೈದು ಮೀಟರ್ ಮೇಲೆ. ಹತ್ತು ಲೀಟರ್ ಹರಿದರೆ ಒಂದು ಲೀಟರ್ ಚಿಲ್ಲರೆ ಮೇಲೆ ಬರುತ್ತಿತ್ತು, ಹಗಲಿರುಳು ಬರುವುದರಿಂದ ಅದೇ ಧಾರಾಳ. ಟಕ್, ಟಕ್ ಎಂದು ರಾತ್ರಿಯಿಡೀ ಬಡಿಯುವ ಸದ್ದು ನನಗೆ ಇಷ್ಟವಾಗಿತ್ತು. ಆದರೆ ಜನವರಿ ನಡುವಿಗೆ ಹಳ್ಳ ಸೊರಗಿ, ಪೈಪಿಗೆ ಗಾಳಿ ಹೊಕ್ಕು, ಕವಾಟ ಬಾಯಿ ತೆರೆದೇ ನಿಂತುಬಿಟ್ಟಿತು. ವರ್ಷವಿಡೀ ತುಂಬಿ ಹರಿಯುವ ಹಳ್ಳವಿದ್ದವರು ಕಣ್ಣುಮುಚ್ಚಿ ಹಾಕಿಸಬಹುದು. ನಮಗೆ ಅದು ಹೊಂದಲಿಲ್ಲ.

ಬಚ್ಚಲ ಹಂಡೆಯ ಬಿಸಿನೀರು ಬೆರೆಸುವುದು ಕರು ಹಾಕಿದ ದನಕ್ಕೆ ಸರಿ, ದಿನವೂ ಅಂದರೆ ಸೌದೆ ಸಾಲದು.

ಈಗ ನಡೆಯುತ್ತಿರುವುದು ಹೀಗೆ. ಬೆಳಿಗ್ಗೆ ಕರೆಯುವ ಮುಂಚೆ ಗೌರಿಗೆ ಎರಡು ಬಕೆಟ್ ಬಾವಿ ನೀರು, ಸೇದಿದಲ್ಲಿಂದ ನೇರ ಬಾಯಿಗೆ. ಭುಜಕ್ಕೆ ಅಷ್ಟು ಭಾರವಲ್ಲ. ಉಳಿದ ಹೊತ್ತಿಗೆ ಎಲ್ಲಕ್ಕೂ ಅಬ್ಬಿ. ರಾತ್ರಿ ಮರಿಗೆಯನ್ನು ಖಾಲಿ ಮಾಡಿ ಕವುಚುತ್ತೇನೆ, ಬಿಸಿಲೇರಿದ ಮೇಲೆ ಹತ್ತೂವರೆಗೆ ಅಬ್ಬಿಯ ಪೈಪನ್ನು ಅದಕ್ಕೆ ತಿರುಗಿಸುತ್ತೇನೆ. ಕಪ್ಪು ಪೈಪಿನ ಕೊನೆಯ ನೂರಡಿಯನ್ನು ಮರದ ನೆರಳಿನಿಂದ ಎಳೆದು ಅಂಗಳದ ಬಿಸಿಲಿಗೆ ಹಾಕಿದ್ದೇನೆ. ಹನ್ನೊಂದರ ಹೊತ್ತಿಗೆ ಅದರ ಬಾಯಿಗೆ ಕೈ ಹಿಡಿದರೆ ನೀರು ತಣ್ಣಗೆ ಕೊರೆಯುವುದಿಲ್ಲ. ಗಿಡ್ಡಗಳೂ ಆಗ ಬೆಟ್ಟದ ದಾರಿ ಹಿಡಿಯುವ ಮೊದಲು ಒಂದು ಸುತ್ತು ಮರಿಗೆಯತ್ತ ಬಂದು ಹೋಗುತ್ತವೆ.